ನೀರು ಬಿಟ್ಟರೆ ಒಂದಕ್ಕೆ ಹೋಗುವುದು ನಿಲ್ಲುತ್ತಾ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಸಿಂಧನೂರು ಹತ್ತಿರದ ಒಂದು ಕ್ಯಾಂಪಿನ ಶಾಲೆಯಲ್ಲಿ ಟೀಚರ್. ಎರಡು ವರ್ಷದಿಂದ ಈ ಕಾಟ. ಒಂದಕ್ಕೆ ಬಂತು ಅನ್ನಿಸಿದರೆ ಎರಡು ನಿಮಿಷವೂ ತಡೆಯಲು ಆಗುವುದಿಲ್ಲ. ಹಗಲು 13-14 ಸಲ, ರಾತ್ರಿ 3 ಸಲ. ಬಿಸಿಯೂಟ ಮುಗಿಸಿ ಮಕ್ಕಳು ನಲ್ಲಿ ಕೆಳಗೆ ತಟ್ಟೆ ತೊಳೆಯುವ ಸದ್ದು ಕೇಳಿದರೂ ಸಾಕು, ಓಡಬೇಕು. ಮನೆ ಬೀಗ ತೆಗೆಯುವಾಗಲೇ ಎರಡು ಸಲ ಸೀರೆ ಒದ್ದೆಯಾಗಿದೆ. ತರಬೇತಿಗೆ ರಾಯಚೂರಿಗೆ ಹೋಗುವುದಿದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತೇನೆ, ಆದರೂ ಬಸ್ಸು ಮಾನ್ವಿ ಮುಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ. ಅತ್ತೆ ಉಷ್ಣ ಅಂತ ಬಾರ್ಲಿ ನೀರು ಕುಡಿಸಿದರು. ಒಬ್ಬ ಡಾಕ್ಟರು ಪರೀಕ್ಷೆ ಮಾಡಿಸದೆ ಮೂರು ಸಲ ಸೋಂಕಿನ ಮಾತ್ರೆ ಕೊಟ್ಟರು. ಉರಿ ಇಲ್ಲ, ಜ್ವರ ಇಲ್ಲ. ಮನೆಯವರಿಗೂ ಬಿಡಿಸಿ ಹೇಳಿಲ್ಲ.

ಉತ್ತರ: ಟೀಚರಮ್ಮ, ಮೊದಲು ಆ ನೀರಿನ ವಿಷಯ. ರಾಯಚೂರು ಸೀಮೆಯ ಬಿಸಿಲಲ್ಲಿ ಇದ್ದುಕೊಂಡು ನೀರು ಬಿಡುತ್ತೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಹಳದಿಯಾಗುತ್ತದೆ, ಅದು ಮೂತ್ರಚೀಲವನ್ನು ಇನ್ನೂ ಕೆರಳಿಸುತ್ತದೆ. ಜೊತೆಗೆ ಮಲಬದ್ಧತೆ. ತುಂಬಿದ ಕರುಳು ಪಕ್ಕದ ಚೀಲವನ್ನು ಒತ್ತುತ್ತದೆ, ಮತ್ತೆ ಅವಸರ. ಕಿಡ್ನಿಯಲ್ಲಿ ಕಲ್ಲಾಗಲು ದಾರಿ ಬೇರೆ. ಇನ್ನು ಬಾರ್ಲಿ ನೀರೂ ನೀರೇ ಅಲ್ವಾ, ಅತ್ತೆ ಪ್ರೀತಿಯಿಂದ ಕೊಟ್ಟಿದ್ದಾರೆ, ಕುಡಿಯಿರಿ, ಆದರೆ ಅದು ಈ ಕಾಯಿಲೆಗೆ ಮದ್ದಲ್ಲ.

ನೀವು ಹೇಳಿದ್ದೆಲ್ಲ ನೋಡಿದರೆ ಇದು ಡಾಕ್ಟರು ಚೀಟಿಯಲ್ಲಿ ಓವರ್‌ಆಕ್ಟಿವ್ ಬ್ಲಾಡರ್ ಅಂತ ಬರೆಯುವ ತೊಂದರೆ ಇದ್ದಂತಿದೆ. ಮೂತ್ರಚೀಲದಲ್ಲಿ ಸುಮಾರು 400-500 ಮಿಲಿ ಹಿಡಿಯುತ್ತದೆ. ತುಂಬುವ ತನಕ ಅದರ ಗೋಡೆಯ ಸ್ನಾಯು ಸುಮ್ನೆ ಇರಬೇಕು. ನಿಮ್ಮದು ಅರ್ಧ ತುಂಬುವ ಮುಂಚೆಯೇ ಹಿಂಡಲು ಶುರುಮಾಡುತ್ತದೆ, ಅಷ್ಟೇ. ನಲ್ಲಿ ಸದ್ದಿಗೆ, ಬೀಗದ ಕೈ ಹಿಡಿದಾಗ ಅವಸರವಾಗುವುದು ನಿಮ್ಮ ಭ್ರಮೆ ಅಲ್ಲ, ಈ ತೊಂದರೆ ಇರುವ ಬಹಳ ಜನ ಇದನ್ನೇ ಹೇಳುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಇದು ಜಾಸ್ತಿ ಕಾಣಿಸಿಕೊಳ್ಳಬಹುದು.

ಆದರೆ ಹಾಗಂತ ನಾನು ಇಲ್ಲಿ ಕೂತು ಹೇಳಿದರೆ ಸಾಲದು. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ, ಒಂದಕ್ಕೆ ಹೋಗಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಒಂದು ಸ್ಕ್ಯಾನ್, ಇವು ಆಗಲೇಬೇಕು. ಸಕ್ಕರೆ ಕಾಯಿಲೆ ಶುರುವಾದಾಗಲೂ ಹೀಗೇ ಪದೇ ಪದೇ ಹೋಗಬೇಕಾಗುತ್ತದೆ. ಪರೀಕ್ಷೆ ಇಲ್ಲದೆ ಮತ್ತೆ ಸೋಂಕಿನ ಮಾತ್ರೆ ಯಾರೇ ಕೊಟ್ಟರೂ 'ಯಾಕೆ ಸರ್?' ಅಂತ ಕೇಳಿ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ, ಕಾಲು ಜೋಮು ಹಿಡಿದು ಶಕ್ತಿ ಕಳೆದುಕೊಂಡರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ಮನೆಯಲ್ಲಿ ಮಾಡುವ ಕೆಲಸ. ಒಂದು ನೋಟ್‌ಬುಕ್ ತಗೊಳ್ಳಿ, ಮೂರು ದಿನ ಬರೆಯಿರಿ: ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಹೋದಿರಿ, ಎಷ್ಟು ಮಿಲಿ ಬಂತು. ಅಳತೆಗೆ ಗೆರೆ ಇರುವ ಹಳೆ ಪ್ಲಾಸ್ಟಿಕ್ ಜಗ್ಗು ಸಾಕು. ಮಕ್ಕಳ ಹಾಜರಿ ಹಾಕುವವರಿಗೆ ಇದೇನು ಕಷ್ಟ! ಸ್ಟಾಫ್ ರೂಮಿನ ಚಹಾ ಎಷ್ಟಾಗುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಐದಾರು ಕಪ್ ಇದ್ದರೆ ವಾರಕ್ಕೊಂದರಂತೆ ಇಳಿಸಿ ಎರಡಕ್ಕೆ ತನ್ನಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಖಾರ ಕೆಲವರಿಗೆ ಆಗುವುದಿಲ್ಲ, ಆದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಿಡಿ ಅಂತ ಈ ಕಡೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ತಿಂದ ದಿನ ಜಾಸ್ತಿಯಾಯಿತಾ ಅಂತ ನಿಮ್ಮ ನೋಟ್‌ಬುಕ್ಕೇ ಹೇಳಲಿ. ನೀರನ್ನು ಹಗಲು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಮಲಗುವ ಎರಡು ಮೂರು ತಾಸು ಮುಂಚೆ ಕಡಿಮೆ ಮಾಡಿ.

ಮುಖ್ಯವಾದದ್ದು ಚೀಲಕ್ಕೆ ಪಾಠ ಹೇಳುವುದು. 'ಇರಲಿ, ಒಂದು ಸಲ ಹೋಗಿಬಿಡೋಣ' ಅಂತ ಪ್ರತಿ ಪಿರಿಯಡ್ ಮುಂಚೆ ಹೋಗುತ್ತೀರಿ ಅಂತ ನನ್ನ ಊಹೆ. ಅದರಿಂದಲೇ ಚೀಲ ಸ್ವಲ್ಪಕ್ಕೇ ಕೂಗುವುದನ್ನು ಕಲಿಯುತ್ತದೆ. ಈಗ ಮುಕ್ಕಾಲು ತಾಸಿಗೊಮ್ಮೆ ಹೋಗುತ್ತಿದ್ದರೆ ಈ ವಾರ ಒಂದು ತಾಸು ಮಾಡಿ, ಮುಂದಿನ ವಾರ ಹದಿನೈದು ನಿಮಿಷ ಜಾಸ್ತಿ. ಎರಡೂವರೆ, ಮೂರು ತಾಸು ಮುಟ್ಟಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅವಸರ ಬಂದಾಗ ಓಡಬೇಡಿ, ಓಡಿದರೆ ಸೋರುವುದೇ ಹೆಚ್ಚು. ನಿಂತಲ್ಲೇ ನಿಂತು, ಗಾಳಿ ಹೋಗದಂತೆ ತಡೆಯುವ ಹಾಗೆ ಕೆಳಗಿನ ಸ್ನಾಯುವನ್ನು ಐದಾರು ಸಲ ಬೇಗ ಬೇಗ ಬಿಗಿಹಿಡಿದು ಬಿಡಿ, ಮನಸ್ಸಲ್ಲಿ 17ರ ಮಗ್ಗಿ ಹಿಂದಿನಿಂದ ಹೇಳಿ. ಅವಸರ ಒಂದು ಅಲೆ ಇದ್ದ ಹಾಗೆ, ಇಳಿಯುತ್ತದೆ. ಇಳಿದ ಮೇಲೆ ನಿಧಾನ ನಡೆದು ಹೋಗಿ. ಅದೇ ಸ್ನಾಯುವನ್ನು ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದನ್ನು ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿ. ಬೋರ್ಡ್ ಮುಂದೆ ನಿಂತೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮೂರು ತಿಂಗಳಾದರೂ ಇಳಿಯದಿದ್ದರೆ ಮಾತ್ರೆ ಇದೆ. ಸೋಲಿಫೆನಾಸಿನ್ ತರಹದ್ದರಲ್ಲಿ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಮಿರಾಬೆಗ್ರಾನ್ ಆದರೆ ಬಿಪಿ ನೋಡಿಕೊಳ್ಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಮಾತ್ರೆ ಅಲ್ಲ. ಗುಣ ಗೊತ್ತಾಗಲು ನಾಲ್ಕು ವಾರ ಬೇಕು, ಹತ್ತು ದಿನಕ್ಕೇ ಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಚೀಲದೊಳಗೆ ಬೊಟಾಕ್ಸ್ ಇಂಜೆಕ್ಷನ್ ಕೂಡ ಕೊಡುತ್ತಾರೆ.

ಬಸ್ಸಿನ ದಿನ ಒಂದು ಪ್ಯಾಡ್ ಹಾಕಿಕೊಳ್ಳಿ, ಹತ್ತುವ ಮುಂಚೆ ಹೋಗಿ ಬನ್ನಿ. ಅವತ್ತು ಮಾತ್ರ 'ಇರಲಿ' ಅನ್ನಬಹುದು. ಮನೆಯವರಿಗೂ ಹೇಳಿ. ರಾತ್ರಿ ಮೂರು ಸಲ ಎದ್ದು ಲೈಟ್ ಹಾಕುವವರ ಗುಟ್ಟು ಅವರಿಗೆ ಗೊತ್ತಾಗದೆ ಇರುತ್ತಾ?

ಪ್ರಶ್ನೆ: ನಮ್ಮ ಅಪ್ಪನಿಗೆ 70 ವರ್ಷ, ಕೊಪ್ಪಳದಲ್ಲಿ ನಮ್ಮ ಜೊತೆಗೇ ಇದ್ದಾರೆ. ರಾತ್ರಿ ನಾಲ್ಕು ಸಲ ಏಳುತ್ತಾರೆ. ಸಂಜೆ ಕಾಲು ಬಾತಿರುತ್ತದೆ. ಬಿಪಿ ಮಾತ್ರೆಯನ್ನು ಸಂಜೆ ತಗೊಳ್ಳುತ್ತಾರೆ. ಇದೂ ಅದೇನಾ?

ಉತ್ತರ: ಇರಲಿಕ್ಕಿಲ್ಲ. ಆ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿ ಸೇರಿದೆಯಾ ಅಂತ ಡಾಕ್ಟರಿಗೆ ಕೇಳಿ. ಇದ್ದರೆ ಬೆಳಿಗ್ಗೆಗೆ ಬದಲಾಯಿಸಬಹುದು, ನೀವಾಗಿ ಬದಲಾಯಿಸಬೇಡಿ. ಕಾಲಿನಲ್ಲಿ ನಿಂತ ನೀರು ಮಲಗಿದಾಗ ವಾಪಸ್ ರಕ್ತಕ್ಕೆ ಸೇರಿ ರಾತ್ರಿ ಮೂತ್ರವಾಗುತ್ತದೆ. ಮಧ್ಯಾಹ್ನ ಒಂದು ತಾಸು ದಿಂಬಿನ ಮೇಲೆ ಕಾಲಿಟ್ಟು ಮಲಗಲಿ. ಕಾಲು ಯಾಕೆ ಬಾಯುತ್ತದೆ ಅಂತ ಹೃದಯ, ಕಿಡ್ನಿ ಪರೀಕ್ಷೆಯೂ ಆಗಲಿ. ಈ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟ್ ನೋಡಿಸದೆ ಅವಸರದ ಮಾತ್ರೆ ಕೊಡಬಾರದು, ಮೂತ್ರ ಕಟ್ಟಿಕೊಂಡುಬಿಡಬಹುದು. ಅಲ್ಲಿಯವರೆಗೆ ಮಂಚದಿಂದ ಬಚ್ಚಲ ತನಕ ಒಂದು ಸಣ್ಣ ಲೈಟ್ ಉರಿಯಲಿ, ದಾರಿಯಲ್ಲಿ ಒದ್ದೆ ಇರದಿರಲಿ.