ಮೈದಾ ಅಂಟಿಗೆ ಎಷ್ಟು ಉಪ್ಪು? ಹಾಕಲೇಬ್ಯಾಡ್ರಿ

ಮೈದಾ ಅಂಟು ಮೂರನೇ ದಿನಕ್ಕ ನೀರು ಬಿಟ್ಟು ನಾರತೈತಿ, ಹದಿನೈದು ದಿನ ಇಡಾಕ ಎಷ್ಟು ಉಪ್ಪು ಹಾಕಬೇಕು ಅಂತ ಕೇಳೀರಿ. ನಾನೂ ಇದ ಲೆಕ್ಕಾ ಹಾಕ್ಕೋಂತ ಕುಂತಿದ್ದೆ, ಧಾರವಾಡದ ಶ್ರಾವಣದ ಜಿಟಿಜಿಟಿ ಮಳ್ಯಾಗ, ಓಣಿ ಗಣಪತಿಗೆ ಬೇಕಾದ ಕಾಗದದ ಇಲಿ ಮುಖವಾಡ ಮುಂದಿಟ್ಟುಕೊಂಡು.

ಮೊದಲನೇ ಪಾಳಿಗೆ 100 ಗ್ರಾಂ ಮೈದಾಕ್ಕ ಒಂದು ಚಮಚ ಉಪ್ಪು, ಎರಡನೇದಕ್ಕ ಮೂರು. ಅಂಟು ಎರಡು ದಿನ ಹೆಚ್ಚಿಗೆ ತಾಳಿತು ಖರೆ, ಆದ್ರ ಮುಖವಾಡ ಒಣಗಲೇ ಇಲ್ಲ. ಉಪ್ಪಿನ ಗುಣಾನ ಅದು. ಗಾಳಿಯೊಳಗಿನ ತೇವಾಂಶ ಶೇ. 75 ದಾಟಿತಂದ್ರ ಉಪ್ಪು ಪಸೆ ಎಳಕೊಂಡು ತಾನ ನೀರಾಗಾಕ ಹತ್ತತೈತಿ. ಮಳೆಗಾಲದಾಗ ಅಡಗಿಮನಿ ಉಪ್ಪಿನ ಡಬ್ಬಿ ಒದ್ದಿ ಆಗತೈತಲ್ಲ, ಹಂಗ. ಮಧ್ಯಾಹ್ನ ಬಿಸಲಿಗೆ ಗಟ್ಟಿಯಾದ ಮುಖವಾಡ ರಾತ್ರಿ ಮತ್ತ ಮೆತ್ತಗ. ಒಣಗಿದಾಗೊಮ್ಮೆ ಒಳಗಿನ ನೀರು ಉಪ್ಪನ್ನ ಮ್ಯಾಲೆ ಹೊತ್ತು ತಂದು ಬಿಳಿ ಹರಳಾಗಿ ಬಿಟ್ಟು ಹೋಗತಿತ್ತು. ಅದರ ಮ್ಯಾಲೆ ಬಣ್ಣ ಹಚ್ಚಿದ್ರ ಬಣ್ಣ ಹಕ್ಕಳೆದ್ದು ಬಂತು. ಕಡೀಕ ಯಾವತ್ತೂ ಒದ್ದಿ ಇದ್ದ ಒಳಪದರಿಗೆ ಕಪ್ಪು ಬೂಸರು ಹಿಡೀತು. ಬೂಸರು ಬರಬಾರದು ಅಂತ ಹಾಕಿದ ಉಪ್ಪಿನಿಂದನ ಬೂಸರು ಬಂತು ಅನ್ನೂದು ಗೊತ್ತಾಗೂದರಾಗ ಚೌತಿಗೆ ನಾಲ್ಕ ದಿನ ಉಳಿದಿದ್ವು. ಉಪ್ಪಿನಕಾಯಿ ಕೆಡೂದಿಲ್ಲಲ್ಲ ಅಂತೀರಿ. ಅದಕ್ಕ ಹಾಕೂದು ಹಿಡಿಗಟ್ಟಲೆ ಉಪ್ಪು, ಜೋಡಿಗೆ ಹುಳಿ, ಎಣ್ಣಿ. ಅಷ್ಟು ಉಪ್ಪು ಬಿದ್ದಿದ್ದು ಅಂಟಾಗಿ ಉಳಿಯೂದಿಲ್ಲ.

ಹಿಂಗಾಗಿ ಹದಿನೈದು ದಿನ ಇಡೂ ವಿಚಾರಾನ ಬಿಡ್ರಿ. ಹತ್ತು ನಿಮಿಷದ ಕೆಲಸ ಇದು, ಬೇಕಾದಾಗ 50 ಗ್ರಾಂ ಮೈದಾದ್ದು ಮಾಡಿಕೊಳ್ರಿ. ಮೈದಾಕ್ಕ 100 ಮಿಲಿ ತಣ್ಣೀರು ಸ್ವಲ್ಪ ಸ್ವಲ್ಪ ಹಾಕಿ ಮಜ್ಜಿಗಿ ಹಂಗ ಕಲಸಿ, ಚಾ ಸೋಸೂ ಜರಡಿಯಿಂದ ಸೋಸ್ರಿ. ಒಣ ಹಿಟ್ಟನ್ನ ನೇರ ಕುದಿಯೂ ನೀರಿಗೆ ಹಾಕಿದ್ರ ಗಂಟಿನ ಹೊರಗಿನ ಪಿಷ್ಟ ತಕ್ಷಣ ಬೆಂದು ಗೋಡಿ ಕಟ್ಟತೈತಿ, ಒಳಗಿನ ಹಿಟ್ಟಿಗೆ ನೀರ ತಾಕೂದಿಲ್ಲ. ಆಮ್ಯಾಲೆ ಎಷ್ಟು ತಿರುವಿದ್ರೂ ಒಡ್ಯಾಂಗಿಲ್ಲ. ಸೋಸಿದ್ದನ್ನ ಸಣ್ಣ ಉರಿ ಮ್ಯಾಲಿಟ್ಟು, 150 ಮಿಲಿ ಕುದಿಯೂ ನೀರು ಸಣ್ಣ ಧಾರಿ ಬಿಟ್ಟಕೋಂತ, ತಳದಿಂದ ತಿರುವುತ ಇರ್ರಿ. ನಾಲ್ಕೈದು ನಿಮಿಷಕ್ಕ ಹಾಲಿನ ಬಿಳುಪು ಹೋಗಿ ಸ್ವಲ್ಪ ಗಾಜಿನಂಗ ಕಾಣತೈತಿ, ಹಸಿಹಿಟ್ಟಿನ ವಾಸನಿ ಹೋಗತೈತಿ. ಅಲ್ಲಿಗೆ ಇಳಸ್ರಿ. ಇನ್ನೂ ತೆಳ್ಳಗೈತಿ ಅಂತ ಕುದಸಕೋಂತ ನಿಲ್ಲಬ್ಯಾಡ್ರಿ, ಆರಿದ ಮ್ಯಾಲೆ ದಪ್ಪ ಆಗೂದು ಐತಿ. ಇದು ರಟ್ಟಿಗೆ, ಪುಸ್ತಕದ ಹೊದಿಕಿಗೆ. ಮುಖವಾಡದ ಕಾಗದಪಟ್ಟಿಗೆ ಇನ್ನೂ 50 ಮಿಲಿ ಬಿಸಿನೀರು ಸೇರಸ್ರಿ.

ಬಿಸಿ ಇದ್ದಾಗ ಡಬ್ಬಿಗೆ ಹಾಕಿ ಮುಚ್ಚಿದ್ರ ಮುಚ್ಚಳದ ಹನಿ ಮ್ಯಾಲಿಂದ ಬಿದ್ದು, ಬೂಸರು ಮೊದಲು ಅಲ್ಲೇ ಬರೂದು. ಪೂರ್ತಿ ಆರಲಿ; ಕೆನಿ ಕಟ್ಟಬಾರದು ಅಂದ್ರ ಪ್ಲಾಸ್ಟಿಕ್ ಹಾಳಿ ಅಂಟಿನ ಮೈಗೇ ತಾಗಿಸಿ ಮುಚ್ಚರಿ. ಉಳಿದದ್ದು ಫ್ರಿಜ್‌ನಾಗ ನಾಲ್ಕ ದಿನ ಇರತೈತಿ. ಮ್ಯಾಲೆ ನೀರು ನಿಂತತಿ ಅಂತ ಚೆಲ್ಲಬ್ಯಾಡ್ರಿ, ತಣ್ಣಗಾದ ಪಿಷ್ಟ ತಾನ ಬಿಗಿಯಾಗಿ ನೀರನ್ನ ಹೊರಗ ದಬ್ಬತೈತಿ, ತಿರುವಿದ್ರ ಮುಗೀತು. ಹುಳಿ ನಾತ ಬಂದ್ರ, ಇಲ್ಲಾ ಬೂಸರು ಕಂಡ್ರ ಕೆಟ್ಟತಿ. ಬಾಯಾಗಿನ ಬಟ್ಟು ಅಂಟಿಗೆ ಅದ್ದಬ್ಯಾಡ್ರಿ, ಎಂಜಲು ಪಿಷ್ಟವನ್ನ ಒಡೀತೈತಿ.

ಏನರ ಹಾಕಲೇಬೇಕಂದ್ರ, ಇಳಿಸಿದ ಮ್ಯಾಲೆ ಒಂದು ಟೀ ಚಮಚ ಬಿಳಿ ವಿನೆಗರ್, ಸಾಕು. ಪಟಿಕ ಹಾಕಬಹುದು, ಆದ್ರ ಅದರ ಆಮ್ಲದಿಂದ ಕಾಗದ ವರ್ಷಗಳ ಮ್ಯಾಲೆ ಹಳದಿ ಆಗಿ ಮುರೀತೈತಿ, ಹಳೇ ಫೋಟೋಕ್ಕಂತೂ ಬ್ಯಾಡ. ಪುಸ್ತಕ ಕಟ್ಟವರು ಮೈಲುತುತ್ತ ಹಾಕತಾರಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಅದು ವಿಷ, ಮಕ್ಕಳ ಕೈಗೆ ಸಿಗೂ ಅಂಟಿನಾಗ ಅದಕ್ಕ ಜಾಗ ಇಲ್ಲ. ಜೋಳದ ಹಿಟ್ಟೂ ಆಗತೈತಿ, ಆದ್ರ ಅದರಾಗ ಮೈದಾದ ಜಿಗಿ ಇಲ್ಲ, ಹೆಚ್ಚು ಬೇಯಬೇಕು, ತರಿ ಉಳೀತೈತಿ. ಜೋಳ ರೊಟ್ಟಿಗೇ ಇರಲಿ.

ಕೆಡೂದು ಡಬ್ಬಿಯಾಗಿನ ಅಂಟಿಗಿಂತ ಹಚ್ಚಿದ ಅಂಟು ಹೆಚ್ಚು, ಅಲ್ಲಿ ಲಕ್ಷ್ಯ ಇಡ್ರಿ. ಪೇಪರ್ ಕತ್ತರಿಸಬ್ಯಾಡ್ರಿ, ಎರಡು ಬಟ್ಟಿನ ಅಗಲ ಹರೀರಿ. ಹರಿದ ಅಂಚು ತೆಳ್ಳಗಿರತೈತಿ, ಏಣು ಕಾಣೂದಿಲ್ಲ. ಪಟ್ಟಿ ಅದ್ದಿ ಎರಡು ಬಟ್ಟಿನ ನಡುವ ಎಳದು ಹೆಚ್ಚಿಗೆ ಅಂಟು ತಗೀರಿ. ಒಂದು ಪದರು ಕನ್ನಡ ಪೇಪರ್, ಮುಂದಿಂದು ಇಂಗ್ಲಿಷ್ ಪೇಪರ್ ಹಚ್ಚಿದ್ರ ಎಲ್ಲಿ ಬಿಟ್ಟೈತಿ ಅಂತ ಕಣ್ಣಿಗೆ ಬೀಳತೈತಿ. ಒಮ್ಮೆಗೆ ಎರಡ ಪದರು, ಆಮ್ಯಾಲೆ ಒಂದು ಪೂರಾ ದಿನ ಫ್ಯಾನ್ ಗಾಳಿ. ಗಲ್ಲಕ್ಕ ಹಿಡಿದು ನೋಡ್ರಿ. ತಂಪು ಹತ್ತಿದ್ರ ಒಳಗಿನ್ನೂ ಹಸಿ ಐತಿ, ಮೂರನೇ ಪದರು ಹಚ್ಚಬ್ಯಾಡ್ರಿ.

ಬಣ್ಣ ಆದಮ್ಯಾಲೆ ಒಳಗೂ ಹೊರಗೂ ವಾರ್ನಿಶ್ ಹೊಡದು ಹಗ್ಗಕ್ಕ ತೂಗಹಾಕ್ರಿ. ಎಷ್ಟಂದ್ರೂ ಮೈದಾ ಅದು, ನೆಲದ ಮ್ಯಾಲಿಟ್ರ ಇಲಿ ಮುಖವಾಡಾನೂ ಇಲಿ ತಿಂತಾವ.