ಖಾಲಿ ಜೋಕಾಲಿಯೂ ಕಲೆಯಾ?

ಪ್ರಶ್ನೆ: ಬೆಂಗಳೂರಿನಲ್ಲಿ ಸರ್ಕಸ್ ನೆನಪಿನ ಕಲಾ ಪ್ರದರ್ಶನ ನೋಡಿದೆ. ಹಳೇ ಡೇರೆ ಬಟ್ಟೆ, ಖಾಲಿ ಜೋಕಾಲಿ ನೇತುಹಾಕಿದ್ದರು, ಅಷ್ಟೇ. ಇದೂ ಕಲೆನಾ ಸಾರ್?
– ಓದುಗರೊಬ್ಬರು, ತುಮಕೂರು

ಉತ್ತರ: ಕಲೆನೇ, ಆದರೆ ಚೆನ್ನಾಗಿತ್ತಾ ಅನ್ನೋದು ಬೇರೆ ಮಾತು. ಅಮೆರಿಕದ ಕಲಾವಿದ ಅಲೆಕ್ಸಾಂಡರ್ ಕಾಲ್ಡರ್ 1926ರಲ್ಲಿ ಪ್ಯಾರಿಸ್‌ನಲ್ಲಿ ತಂತಿ, ಬಟ್ಟೆ, ಮರದ ಚೂರುಗಳಿಂದ ಪುಟ್ಟ ಸರ್ಕಸ್ ಮಾಡಲು ಶುರು ಮಾಡಿ, ಅದನ್ನು ಜನರ ಮುಂದೆ ತಾವೇ ಕೈಯಿಂದ ಆಡಿಸುತ್ತಿದ್ದರು. ಈಗ ಅದು ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನಲ್ಲಿದೆ.

ನಮ್ಮ ಕಥೆಯೂ ಸಣ್ಣದಲ್ಲ. ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬೈಯಲ್ಲಿ ತಮ್ಮ ಸರ್ಕಸ್ ಶುರು ಮಾಡಿದರು, ಆಮೇಲೆ ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಕಸರತ್ತು ಕಲಿಸಿದ ಹುಡುಗರು ದೇಶದ ಎಷ್ಟೋ ಡೇರೆಗಳಲ್ಲಿ ಹಾರಿದರು. 1998ರಲ್ಲಿ ಹುಲಿ, ಸಿಂಹ, ಕರಡಿ, ಕೋತಿ ಆಡಿಸೋದಕ್ಕೆ ಕೇಂದ್ರ ಸರ್ಕಾರ ನಿಷೇಧ ಹಾಕಿತು. ಸರಿಯಾದ ಕೆಲಸವೇ, ಆದರೆ ಸರ್ಕಸ್‌ಗೆ ಬರೋ ಜನ ಕಮ್ಮಿಯಾದರು.

ಹಾರುತ್ತಿದ್ದ ಹೆಂಗಸರ ಹೆಸರು, ಸಂಬಳ, ಮುರಿದ ಮೂಳೆಗಳ ಸುದ್ದಿಯೇ ಇಲ್ಲದೆ ಸುಮ್ನೆ ಜೋಕಾಲಿ ಕಟ್ಟಿದ್ದರೆ ನನಗೂ ಅದು ಬರೀ ಅಲಂಕಾರ. ಮುಂದಿನ ಸಲ ಕಲಾವಿದರನ್ನೇ ಕೇಳಿ, ಆ ಬಟ್ಟೆ ಯಾರ ಡೇರೆಯದ್ದು ಅಂತ.