ಮೂವತ್ನಾಲ್ಕಕ್ಕೆ ಆಡಿಷನ್

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 34 ವರ್ಷ, ಲೆಕ್ಕಪತ್ರ ನೋಡುವ ಕೆಲಸ. ಪಿಟೀಲಿನ ಜಾತಿಯ ದೊಡ್ಡ ವಾದ್ಯ ಸೆಲ್ಲೊ ಕಲಿಯಲು ಶುರು ಮಾಡಿದ್ದು 27ಕ್ಕೆ. ಸಂಗೀತ ಶಾಲೆಯ ಆಡಿಷನ್‌ಗೆ ಹತ್ತು ವಾರ ಉಳಿದಿದ್ದಾಗ ಸಲಹೆಗೆಂದು ನನ್ನಲ್ಲಿಗೆ ಬಂದರು. ನಿದ್ದೆ ಹತ್ತುತ್ತಿರಲಿಲ್ಲ. ಎದುರಿಗೆ ಯಾರಾದರೂ ಕೂತರೆ ಸಾಕು, ಕಮಾನು ಹಿಡಿದ ಕೈ ನಡುಗುತ್ತಿತ್ತು.

"ಅಲ್ಲಿ ಬರೋ ಹುಡುಗರೆಲ್ಲ ಐದಾರು ವರ್ಷಕ್ಕೇ ವಾದ್ಯ ಹಿಡಿದವರು ಮೇಡಂ. ಅವರ ನಡುವೆ ನಾನು ನಗೆಪಾಟಲಾಗ್ತೀನಿ."

ಧೈರ್ಯಕ್ಕೆಂದು ತಡವಾಗಿ ಸಂಗೀತಕ್ಕೆ ಬಂದವರ ಪಟ್ಟಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರು. ಮೊದಲ ಹೆಸರು ರಷ್ಯಾದ ಸಂಗೀತ ರಚನಕಾರ ಚೈಕಾವ್‌ಸ್ಕಿಯದು: ಸರ್ಕಾರಿ ಗುಮಾಸ್ತನಾಗಿದ್ದವನು 1862ರಲ್ಲಿ, 22ನೇ ವಯಸ್ಸಿಗೆ, ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆ (ಕನ್ಸರ್ವೇಟರಿ) ಸೇರಿದ. ನಿಜವೇ. ಆದರೆ ಪಿಯಾನೊ ಕಲಿಕೆ ಅವನಿಗೆ ಬಾಲ್ಯದಲ್ಲೇ ಆಗಿತ್ತು. ಪಟ್ಟಿ ಅಳಿಸಿಬಿಡಿ ಎಂದೆ. ಕೊಂಚ ನಿಷ್ಠುರವಾಯಿತೇನೋ.

ಅಭ್ಯಾಸ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ನಿಜವಾದ ಗಂಟು ಸಿಕ್ಕಿತು. ವಯಸ್ಸನ್ನು ಮರೆಸಲೆಂದೇ ತಮ್ಮ ಶಕ್ತಿ ಮೀರಿದ ಕಾನ್ಚರ್ಟೊ (ವಾದ್ಯವೃಂದದೊಡನೆ ಒಂಟಿ ವಾದ್ಯ ನುಡಿಸುವ ದೊಡ್ಡ ಕೃತಿ) ಆರಿಸಿದ್ದರು. ದಿನವೂ ಅದನ್ನು ಮೊದಲಿನಿಂದ ನುಡಿಸುವುದು, ತಪ್ಪಿದರೆ ಮತ್ತೆ ಮೊದಲಿಗೆ. ಮೊದಲ ಪುಟ ನುಣುಪಾಗಿತ್ತು, ಕೊನೆಯದು ಹಾಗೇ ಉಳಿದಿತ್ತು. ಅಭ್ಯಾಸದ ಹೊತ್ತನ್ನು ಒಮ್ಮೆಲೇ ಇಮ್ಮಡಿ ಮಾಡಿ ಮುಂಗೈ ನೋವನ್ನೂ ತಂದುಕೊಂಡಿದ್ದರು. ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದೆ. ಕೃತಿಯ ಆಯ್ಕೆ ನನ್ನ ಕ್ಷೇತ್ರವಲ್ಲ, ಗುರುಗಳನ್ನೇ ಕೇಳಿ ಎಂದೆ. ಕೃತಿ ಬದಲಿಸಿ ಎನ್ನಲು ಅವರೂ ಕಾಯುತ್ತಿದ್ದರಂತೆ, ಬದಲಾಯಿತು.

ಸ್ವರಗಳನ್ನು ಕೇಳಿ ಗುರುತಿಸುವ ಕಿವಿ ಪರೀಕ್ಷೆಯ ಭಯವೂ ಇತ್ತು. ಆಧಾರವಿಲ್ಲದೆ ಸ್ವರದ ಹೆಸರು ಹೇಳುವ ಶಕ್ತಿ ಹೆಚ್ಚಾಗಿ ಎಳವೆಯಲ್ಲಿ ಕಲಿತವರಲ್ಲೇ ಕಾಣುವುದು ಹೌದು. ಎರಡು ಸ್ವರಗಳ ನಡುವಿನ ಅಂತರ ಗುರುತಿಸುವುದನ್ನು ಮಾತ್ರ ದೊಡ್ಡವರೂ ರೂಢಿಸಿಕೊಳ್ಳಬಹುದು. ದಿನಕ್ಕೆ ಹತ್ತು ನಿಮಿಷ, ಹಾಡಿಕೊಂಡು ಕಲಿಯಲಿ ಎಂದೆ.

ನಡುಕದ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟೆವು. ಅದು ಅಡ್ರಿನಲಿನ್ ಕೆಲಸ, ಬೇಡವೆಂದರೆ ನಿಲ್ಲುವುದಿಲ್ಲ. ಹಾಗಾಗಿ ನಡುಕದೊಂದಿಗೇ ನುಡಿಸಿ ರೂಢಿಯಾಗಬೇಕು. ಮೆಟ್ಟಿಲು ಹತ್ತಿಳಿದು, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೂತು ಮೊದಲ ಅರ್ಧ ನಿಮಿಷ ನುಡಿಸಿ. ಒಂದೇ ಅವಕಾಶ, ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ವಾರಕ್ಕೊಮ್ಮೆ ಇಬ್ಬರನ್ನು ಕೂರಿಸಿಕೊಂಡು ಪೂರ್ತಿ ಆಡಿಷನ್ ಮಾಡಿ. ನಡುವೆ ಅವರು "ಸಾಕು" ಅನ್ನಲಿ. ಸಮಯ ಉಳಿಸಲು ಪರೀಕ್ಷಕರು ಹಾಗೆ ನಿಲ್ಲಿಸುವುದುಂಟು, ಅದು ತೀರ್ಪಲ್ಲ. ಗೆಳತಿ ಕೊಟ್ಟ, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ನುಂಗಲೇ ಎಂದು ಕೇಳಿದರು. ಖಂಡಿತ ಬೇಡ ಎಂದೆ. ಆಸ್ತಮಾ ಇದ್ದವರಿಗೆ ಅದು ಅಪಾಯ, ಈಕೆಗೆ ಬಾಲ್ಯದಲ್ಲಿ ಆಸ್ತಮಾ ಇತ್ತು. ವೈದ್ಯರನ್ನು ಕೇಳದೆ ಮುಟ್ಟಕೂಡದು.

ಪರೀಕ್ಷಕರು ಕೇಳಬಹುದಾದ "ಈಗ ಯಾಕೆ ಸಂಗೀತ?" ಎಂಬ ಪ್ರಶ್ನೆಗೆ ಬರೆದುಕೊಂಡಿದ್ದ ಉತ್ತರ ಕ್ಷಮಾಪಣೆ ಪತ್ರದಂತಿತ್ತು. 'ತಡ' ಎಂಬ ಪದ ಬಳಸದೆ ಮೂರು ವಾಕ್ಯದಲ್ಲಿ ಹೇಳಿ ಎಂದೆ. ಅದಕ್ಕೆ ಎರಡು ಭೇಟಿ ಹಿಡಿಯಿತು.

ಒಂದು ಶಾಲೆ ಬೇಡವೆಂದಿತು. ಇನ್ನೊಂದು ಕಾಯುವ ಪಟ್ಟಿಯಲ್ಲಿ ಇಟ್ಟಿದೆ. ಎರಡನೆಯ ಕಡೆ ಅರ್ಧದಲ್ಲೇ "ಸಾಕು" ಎಂದರಂತೆ. "ನಿಮ್ಮ ನೆನಪಾಗಿ ನಗು ಬಂತು ಮೇಡಂ," ಎಂದರು. ಕೈ ನಡುಗಿತೇ ಎಂದು ಕೇಳಿದೆ. ನಡುಗಿತು, ಎರಡನೇ ಸಾಲಿನವರೆಗೆ.